ಪಾಕೀಟಿನ ಮೇಲಿನ ಗುಡ್ಡ

ಇಪ್ಪತ್ತೆರಡು ವರ್ಷದಿಂದ ಚಾಪುಡಿ ಮಾರುತ್ತೇನೆ.
ಬಳ್ಳಾರಿ, ಕುಡತಿನಿ, ತೋರಣಗಲ್ಲು, ಸಂಡೂರು:
ಒಂದು ಮೊಪೆಡ್ಡು, ಎರಡು ಚೀಲ, ಒಂದು ಉದ್ರಿ ಪುಸ್ತಕ.
ಪಾಕೀಟಿನ ಮೇಲೊಂದು ಗುಡ್ಡ,
ಈಗಷ್ಟೇ ತಲೆ ಬಾಚಿಸಿಕೊಂಡಂಥ ಹಸಿರು,
ಬೆನ್ನಿಗೆ ಬುಟ್ಟಿ ಕಟ್ಟಿಕೊಂಡ ಮೂವರು ಹೆಂಗಸರು,
ಮೂವರದೂ ಒಂದೇ ನಗು.
"ಎಲ್ಲೈತಪ್ಪ ಗಾದಿಲಿಂಗ, ಈ ಗುಡ್ಡ?"
ಹೋಟೆಲ್ಲಿನವರು ಕೇಳಿದಾಗೆಲ್ಲ
"ಆ ಕಡೆ" ಅಂದಿದ್ದೇನೆ, ಕೈಗೆ ಸಿಕ್ಕ ದಿಕ್ಕು ತೋರಿಸಿ.
ನಾನೂ ನೋಡಿಲ್ಲ.

ಮಾನಾಮಿ ಅಮಾಸೆ. ಗೋದಾಮಿಗೆ ಬೀಗ.
ಸಂಡೂರಿನ ಪಂಕ್ಚರ್ ಅಂಗಡಿಯಲ್ಲಿ ಮೊಪೆಡ್ಡು ಬಿಟ್ಟು
ನಡೆದೆ.
ಯಾಕೆ ಅಂದರೆ ಹೇಳಲಾರೆ.
ಗಿರಾಕಿಯಿಲ್ಲದ ದಾರಿಯಲ್ಲಿ ಹೋಗಿಯೇ ಇರಲಿಲ್ಲ ನಾನು,
ಅಷ್ಟೇ ಇರಬೇಕು.

ರಾಮಗಡದ ಏರು. ಮೊದಲ ತಿರುವಿಗೇ
ಮೊಣಕಾಲು ಹಳೇ ಬಾಕಿ ಕೇಳಿತು.
ಮಳೆ ಬಿಟ್ಟು ನಾಲ್ಕು ದಿನ; ಬಾದೆಹುಲ್ಲು ಸೊಂಟದವರೆಗೆ,
ಹುಲ್ಲಿನ ಬುಡದಲ್ಲಿ ಮಣ್ಣು
ಅರಿಶಿನಕ್ಕೆ ಸುಣ್ಣ ಬಿದ್ದ ಬಣ್ಣ.
ಕಲ್ಲೊಂದನ್ನು ಎತ್ತಿದೆ. ಕೋಳಿಮೊಟ್ಟೆಯಷ್ಟಿತ್ತು,
ಕೈ ಮಾತ್ರ ಕೆಳಗೆ ಹೋಯಿತು.
ಉಳಿದದ್ದೇನೋ, ತೂಕ ನನಗೆ ಗೊತ್ತು:
ಕಾಲು ಕೇಜಿ, ಒಂದು ಚಿಟಿಕೆ ಹೆಚ್ಚು.
ಜೇಬಿಗೆ ಹಾಕಿಕೊಂಡೆ. ಅಂಗಿ ಒಂದು ಪಕ್ಕ ಜೋತುಬಿತ್ತು.

ಆಚೆ ಗುಡ್ಡದ ಮೈಗೆ ಮೆಟ್ಟಿಲು ಕಡಿದಿದ್ದರು,
ಸಾಲು ಸಾಲು, ಪಾಕೀಟಿನಲ್ಲಿದ್ದ ಹಾಗೇ.
ಒಂದು ಗಳಿಗೆ ಕಣ್ಣು ಮೋಸ ಹೋಯಿತು.
ಆಮೇಲೆ ಲಾರಿಯೊಂದು ಬೆನ್ನೆತ್ತಿ ಸುರಿಯಿತು,
ಸದ್ದು ತಡವಾಗಿ ಬಂತು,
ಧೂಳು ಇನ್ನೂ ತಡವಾಗಿ.
ನಾನು ಮಾರುವ ಪುಡಿಗೂ ಡಸ್ಟು ಅಂತಲೇ ಹೆಸರು.

ಫೋನಿನಲ್ಲಿ ಸಿಗ್ನಲ್ ಹೋಯಿತು, ಮಾಲೀಕನೂ ಹೋದ.
ಹೆಸರು ಗೊತ್ತಿಲ್ಲದ ಗಿಡವೊಂದು ನೀಲಿ ಹೂ ಬಿಟ್ಟು
ದಾರಿಗೆ ಅಡ್ಡ ಮಲಗಿತ್ತು.
"ಸ್ವಲ್ಪ ಸರಿಯವ್ವ" ಅಂದೆ.
ಒಬ್ಬನೇ ನಡೆದರೆ ಇಂಥವು ಬರುತ್ತವೆ ಬಾಯಿಗೆ.

ಮೇಲೆ, ಮಾಡಿಲ್ಲದ ಹಳೇ ಬಂಗಲೆಯ ಗೋಡೆಯ ಪಕ್ಕ
ಮೂರು ಕಲ್ಲು, ಒಂದು ಹೊಗೆ, ಹದಿನಾರು ಮೇಕೆ,
ತೋಳತುಂಬ ಬಳೆಯ ರುಪ್ಲಿಬಾಯಿ.
"ಏನ್ ಕಳಕಂಡಿ?"
"ಏನಿಲ್ಲ. ಸುಮ್ನೆ ಬಂದೆ."
"ಸುಮ್ನೆ ಯಾರೂ ಗುಡ್ಡ ಹತ್ತಲ್ಲ."
ಸ್ಯಾಂಪಲ್ ಪಾಕೀಟು ತೆಗೆದುಕೊಟ್ಟೆ.
ಮೇಕೆಯನ್ನು ಹಿಡಿದು ಪಾತ್ರೆಗೇ ಕರೆದಳು, ಬೆಲ್ಲ ಜಜ್ಜಿದಳು.
ನನ್ನ ಪುಡಿ ಅಷ್ಟು ಒಳ್ಳೆಯದೆಂದು
ನನಗೇ ಗೊತ್ತಿರಲಿಲ್ಲ.

ಕುಡಿಯುತ್ತ ಪಾಕೀಟನ್ನು ಮಾರುದೂರ ಹಿಡಿದು ನೋಡಿದಳು.
"ಇವ್ರು ಏನ್ ಆರಸ್ತಾರೆ?"
"ಎಲೆ."
"ಬರೀ ಎಲೆನಾ?" ನಗು ಬಂದು ಚಹಾ ಚೆಲ್ಲಿತು.
"ನಾವು ಕಲ್ಲು. ಸುತ್ತಿಗೇಲಿ ಒಡದು, ಜರಡಿ ಹಿಡದು,
ತಲೆ ಮ್ಯಾಲೆ ಹೊತ್ತು. ಇಷ್ಟು ಬುಟ್ಟಿಗೆ ಇಷ್ಟು ಅಂತ.
ಆಮೇಲೆ ಮಿಷನ್ನು ಬಂತು, ನಮ್ಮನ್ನ ಇಳಿಸ್ತು."
ಮತ್ತೆ ನೋಡಿದಳು, ಮೂವರನ್ನೂ ಬೆರಳಿನಿಂದ ಸವರಿ:
"ಪಾಪ, ಒಬ್ಳ ಸೆರಗಿಗೂ ಒಂದು ಕನ್ನಡಿ ಇಲ್ಲ."

ಪುಡಿಯನ್ನು ಡಬ್ಬಿಗೆ ಸುರಿದು ಪಾಕೀಟು ಸೀಳಿದಳು.
ಒಳಮೈ ಬೆಳ್ಳಿ ಹೊರಗೆ, ಗುಡ್ಡ ಒಳಗೆ ಮಡಚಿ
ಗುಂಪು ಬಿಟ್ಟು ಓಡುವ ಮೇಕೆಯ ಕೋಡಿಗೆ ಕಟ್ಟಿದಳು,
ದೂರದಿಂದ ಕಾಣಲಿ ಅಂತ.

ಕಂಡಿತು. ಇಳಿಜಾರಿನ ಅರ್ಧಕ್ಕೆ ಬಂದು ತಿರುಗಿದರೆ
ಎಲ್ಲೋ ಹುಲ್ಲಿನ ನಡುವೆ ಪಳಕ್ಕೆಂದಿತು,
ಇನ್ನೊಮ್ಮೆ, ಬೇರೆ ಕಡೆ.
ತಪ್ಪಿಸಿಕೊಂಡಿರಬೇಕು ಮತ್ತೆ.

ಪಂಕ್ಚರ್ ಅಂಗಡಿಯ ಬಲ್ಬಿನ ಕೆಳಗೆ
ಅಭ್ಯಾಸದ ಪ್ರಕಾರ ಪುಸ್ತಕ ತೆರೆದು ಬರೆದೆ:
ರಾಮಗಡ, ಕಾಲು ಕೇಜಿ, ಒಂದು.
ಬಂದ ಹಣದ ಕಲಮಿನಲ್ಲಿ ಪೆನ್ನು ನಿಂತಿತು.
ಜೇಬಿನ ಕಲ್ಲು ತೆಗೆದು
ಹಾಳೆ ಹಾರದ ಹಾಗೆ ಅದರ ಮೇಲಿಟ್ಟೆ.