ಅಕ್ಕಿಕಾಳಿನಷ್ಟು ಜಾಗ

ಪಾಲಿಬೆಟ್ಟದ ಬಂಗಲೆ. ಬೆಂಕಿಗೂಡಿನ ಮೇಲೆ
ನಾಲ್ಕಡಿ ಅಗಲದ ಗಾರೆಯ ಉಬ್ಬುಚಿತ್ರ.
ಯಾವನೋ ದೊರೆ ಹುಲ್ಲಿನಲ್ಲಿ ಸುತ್ತಿ ಹಡಗಿನಲ್ಲಿ ತರಿಸಿದ್ದಂತೆ.
ಹೋಗುವಾಗ ಬಿಟ್ಟು ಹೋದ.
ಗೋಡೆಗಂಟಿದ್ದನ್ನು ಯಾರು ಹೊತ್ತುಕೊಂಡು ಹೋಗುತ್ತಾರೆ?

ಓಡುತ್ತಿದ್ದಾಳೆ ಒಬ್ಬಳು. ಹಿಂದೆ ಒಬ್ಬ.
ಅವನ ಕೈಗೂ ಅವಳ ಸೊಂಟಕ್ಕೂ ನಡುವೆ
ಒಂದು ಅಕ್ಕಿಕಾಳಿನಷ್ಟು ಜಾಗ.
ನೂರು ವರ್ಷದ ಹೊಗೆಯೆಲ್ಲ ಬಂದು ಅಲ್ಲೇ ಕೂತಿದೆ.
ಹೊಗೆ ತೆಗೆಯುವುದು ನನ್ನ ಕೆಲಸ.
ದಿನಗೂಲಿ. ಊಟ ಅವರದು.

ಮೂರು ಬೆರಳು ಉದುರಿವೆ ಅವಳಿಗೆ.
ಬೆರಳಲ್ಲ, ಎಲೆ, ಅಂದರು ದೇಚವ್ವ, ಕನ್ನಡಕ ಒರೆಸುತ್ತ.
ಗ್ರೀಕರ ಕಥೆ, ಕಾನ್ವೆಂಟಿನಲ್ಲಿ ಕಲಿತದ್ದು:
ಅವಳು ಹೊಳೆಯ ಮಗಳು, ಅವನು ಬೆಳಕಿನ ದೇವರು.
ಬೇಡ ಅಂದಳು. ಬಿಡಲಿಲ್ಲ.
ಅಪ್ಪಾ ಎಂದು ಕೂಗಿದಳು.
ಹೊಳೆ ಅವಳನ್ನು ಮರ ಮಾಡಿತು.

ಆಮೇಲೆ?

ಕೇಳಿದ್ದು ನಾನಲ್ಲ. ಕಾಫಿ ಕಣದಿಂದ
ನೀರು ಕುಡಿಯಲು ಬಂದ ಬೊಳ್ಚಿ.

ಆಮೇಲೆ ಅವನು ಮರ ತಬ್ಬಿಕೊಂಡು ಅತ್ತ,
ಎಲೆ ಕಿತ್ತು ತಲೆಗೆ ಸುತ್ತಿಕೊಂಡ.
ಗೆದ್ದವರಿಗೆಲ್ಲ ಇವತ್ತಿಗೂ ಅದೇ ಎಲೆ.

ಕೇಳಿ ಕಿತ್ತನಾ?

ದೇಚವ್ವ ಕನ್ನಡಕ ಹಾಕಿಕೊಳ್ಳಲೇ ಇಲ್ಲ.
ಬೊಳ್ಚಿ ಚೊಂಬೆತ್ತಿ ಗಟಗಟ ಕುಡಿದು
ಗದ್ದ ಒರೆಸಿಕೊಂಡಳು:
ನಮ್ಮ ದೇವರಕಾಡಲ್ಲಿ ಒಣಗಿ ಬಿದ್ದ ಕಡ್ಡಿಯನ್ನೂ
ಒಲೆಗೆ ತರುವ ಹಾಗಿಲ್ಲ. ಇವನೆಂಥ ದೇವರು?

ಚೊಂಬು ಬೋರಲು ಹಾಕಿ ಹೋದಳು.

ಮಧ್ಯಾಹ್ನ ಒದ್ದೆ ಕುಂಚ ಸೊಂಟದಿಂದ ಕೆಳಗಿಳಿಯಿತು.
ಮಸಿ ಕರಗಿ ಬಟ್ಟೆ ಕಾಣಿಸಿತು:
ಗಾಳಿಗೆ ಸಿಕ್ಕ ನೆರಿಗೆಗಳೆಲ್ಲ ಹಿಂದಕ್ಕೆ.
ಒಂದೂ ಮುಂದಿಲ್ಲ.

ಅಯ್ಯೋ, ಇವಳು ನಮ್ಮವಳು, ಅಂದರು ದೇಚವ್ವ.
ಬಲಮುರಿಯಲ್ಲಿ ಕಾವೇರಿ ನೀರಾಗಿ ಓಡಿದಾಗ
ಅಡ್ಡ ನಿಂತ ಹೆಂಗಸರ ನೆರಿಗೆಯನ್ನು
ಹಿಂದಕ್ಕೆ ತಳ್ಳಿಕೊಂಡು ಹೋದಳಂತೆ.
ಅವತ್ತಿನಿಂದ ಹಾಗೇ ಉಡುತ್ತಿದ್ದೇವೆ.
ಓಡಿದವಳ ಗುರುತು, ತಡೆದವರ ಮೈಮೇಲೆ.

ಹೇಳುತ್ತ ಹೇಳುತ್ತ ಅವರ ಕೈ
ಬೆನ್ನ ಹಿಂದೆ ಹೋಗಿ ಏನನ್ನೋ ತಡಕಿತು.
ಉಟ್ಟದ್ದು ನೈಟಿ.
ನಾನು ಬಕೆಟ್ಟಿನ ನೀರು ಬದಲಿಸಲು ಎದ್ದೆ.

ಎಲೆ ಮಾಡಬೇಕಿತ್ತು. ಯಾವ ಎಲೆ?
ಫೋನಿನಲ್ಲಿ ಚಿತ್ರ ಸಿಗುತ್ತದೆ, ನೋಡಲಿಲ್ಲ.
ಸಂಜೆ ದೇವರಕಾಡಿನ ಅಂಚಿಗೆ ಹೋಗಿ
ಚಪ್ಪಲಿ ಬಿಟ್ಟು ನಿಂತೆ.
ತಗ್ಗಿದ ಕೊಂಬೆಯೊಂದರಲ್ಲಿ ಎಲೆ ಮೂರು,
ನಡುನರ ಕೆಂಪು, ತುದಿ ತುಸು ಬಾಗಿದ್ದು.
ಹೆಸರು ಗೊತ್ತಿಲ್ಲ. ಮುಟ್ಟಲಿಲ್ಲ.
ಸಿಮೆಂಟು ಚೀಲದ ಹಾಳೆಯ ಮೇಲೆ
ಪೆನ್ಸಿಲಿನಲ್ಲಿ ಗೀಚಿಕೊಂಡು ಬಂದೆ.

ಆ ಮೂರೂ ಎಲೆ ಈಗ ಅವಳ ಬೆರಳ ತುದಿಯಲ್ಲಿವೆ.
ಮಿಕ್ಕವು ಪರದೇಶದವು. ಹತ್ತಿರ ಹೋದರೆ ತಿಳಿಯುತ್ತದೆ.

ಕೊನೆಯ ದಿನ ಮನೆಯಲ್ಲಿ ಯಾರೂ ಇರಲಿಲ್ಲ.
ಸುಣ್ಣ ಬಳಿಯುವ ಮೊದಲು
ಅವನ ಕೈಗೂ ಅವಳ ಸೊಂಟಕ್ಕೂ ನಡುವಿನ ಜಾಗವನ್ನು
ಉಳಿಯ ಮೊನೆಯಿಂದ ಕೆರೆದು
ಎರಡು ಅಕ್ಕಿಕಾಳಿನಷ್ಟು ಮಾಡಿದೆ.
ಉದುರಿದ್ದು ಅವನ ಉಗುರಿನ ಪುಡಿ.

ಬಿಲ್ಲಿನಲ್ಲಿ ಅದನ್ನು ಬರೆದಿಲ್ಲ.