ಒಂಬತ್ತನೇ ಕಲಮು

ಅರ್ಜಿಯ ಒಂಬತ್ತನೇ ಕಲಮು ಕೇಳುತ್ತದೆ:
‘ಸದ್ಯ ಬಳಕೆಯಲ್ಲಿರುವ ಉಪಕರಣ?’
ಅಕೆಲೀನಾಳ ಕೆಳತುಟಿ, ಎಂದು ಬರೆದು
ಅಡ್ಡಗೆರೆ ಎಳೆದೆ.

ಕೋಡಿಯಾಕ್ ದ್ವೀಪದಲ್ಲಿ ಕಡಲು ಇಳಿದಾಗ ಅಗೆದ
ಕಪ್ಪೆಚಿಪ್ಪಿನ ಮಾಂಸ ಮೊದಲು ಅವಳ ತುಟಿಗೆ.
ಜುಮ್ಮೆಂದರೆ ಬಕೆಟ್ಟು ವಾಪಸು ನೀರಿಗೆ,
ಇಲ್ಲದಿದ್ದರೆ ಒಲೆಗೆ.

ಆ ಮೇ ತಿಂಗಳು ತುಟಿ ಸುಮ್ಮನಿತ್ತು.
ತಮ್ಮ ಸ್ಟೆಪಾನ್ ತಿಂದದ್ದು ಎರಡೇ.
ಬೆರಳು ಮರಗಟ್ಟಿತು, ಆಮೇಲೆ ಮಾತು,
ವಿಮಾನ ಬರುವಷ್ಟರಲ್ಲಿ ಉಸಿರು.

ನೀರು ಕೆಂಪಾಗಿರಲೂ ಇಲ್ಲ, ಎಂದಳು,
ನೀರಿಗೇ ಬೈಯುವವಳಂತೆ.

ಲ್ಯಾಬು ಇರುವುದು ಆ ವಿಮಾನದಾಚೆ.
ನಾನು ಕೇಳುತ್ತಿರುವುದು ಬೆರಳುದ್ದದ ಕಾಗದ,
ದೋಣಿಯಲ್ಲೇ ಅದ್ದಿ ಓದುವಂಥದ್ದು.
ಮೂರು ವರ್ಷ. ಇಬ್ಬರ ಸಂಬಳ. ಒಂದು ಫ್ರಿಜ್ಜು.

‘ಫಲಾನುಭವಿಗಳ ಸಂಖ್ಯೆ’ ಇನ್ನೂ ಖಾಲಿ.
ಅಕೆಲೀನಾ ಇವತ್ತೂ ಬಕೆಟ್ಟು ಹಿಡಿದು ಹೋದಳು.
ಇಳಿತ ಐದೂಕಾಲಿಗೆ.