ಹಗೇವಿನ ಬಾಯಿ

ಗೋಕುಲ ರೋಡಿನ ನಮ್ಮ ವಾಲ್ವ್ ಕಾರ್ಖಾನ್ಯಾಗ
ಸ್ಟೋರಿನ ಹಿಂದಿನ ಖೋಲಿ ನಂದು.
ಎರಡು ಸರ್ವರು, ಒಂದು ಏಸಿ, ಏಸಿ ಕೆಳಗ ಬಕೆಟ್ಟು.
ಸರ್ವರಿನ ಹಣಿಮ್ಯಾಲೆ ಖಂಡೇಪೂಜಿ ಕುಂಕುಮ.
ಒರಸಬ್ಯಾಡ ಅಂದಾರ ಮಾಲಕರು. ಒರಸಿಲ್ಲ.

ಬುಧವಾರ ಸಂಜಿಮುಂದ ಬಾಗಲದಾಗ ನಿಂತ್ರು
ಖರೀದಿ ಸಾಹೇಬ್ರು, ವಿಠ್ಠಲಸಾ ಜರತಾರಘರ.
"ಎರಡು ಸಾವಿರದ ಹದಿನಾಲ್ಕು, ಆಗಸ್ಟ್.
ಹಿತ್ತಾಳಿ ರಾಡಿನ ದರಾ ಒಪ್ಪಿ ಮೇಲ್ ಹಾಕಿದ್ದ ಬೆಳಗಾವ್ಯಾಂವ,
ಕೋರ್ಟಿನ್ಯಾಗ ಈಗ ಇಲ್ಲ ಅಂತಾನ. ಅದು ಬೇಕು ನನಗ."
"ಏಳು ವರ್ಷ ಆದದ್ದು ಅಳಸ್ತೇವ್ರಿ. ಸಹಿ ನಿಮ್ದ ಐತಿ."
"ಟೇಪಿನ್ಯಾಗ ಇರತಾವಲ್ಲ?"

ಇರತಾವ. ಕಪಾಟಿನ್ಯಾಗ, ನುಸಿಗುಳಿಗಿ ನಡುವ,
ತಿಂಗಳಿಗೊಂದರಂಗ, ಬೆನ್ನಿಗೆ ನನ್ನ ಅಕ್ಷರ.

ಅಣ್ಣಿಗೇರ್ಯಾಗ ನಮ್ಮಜ್ಜಿ ಅಂಗಳದಾಗ ಒಂದು ಹಗೇವಿತ್ತು.
ಬಾಯಿ ತಗದ ಕೂಡಲೇ ಇಳಿಯಂಗಿಲ್ಲ.
ಒಳಗಿನ ಉಸಿರು ಹೊರಗ ಹೋಗಬೇಕು ಮೊದಲ.
ಆಮ್ಯಾಲೆ ಹಗ್ಗಕ್ಕ ಕಂದೀಲು ಕಟ್ಟಿ ಬಿಡೋದು:
ದೀಪ ಆರಿದರ ಮನಷಾನೂ ಆರತಾನ.
ಜ್ವಾಳಕ್ಕ ಒಂಥರಾ ಮಕ್ಕು ವಾಸನಿ. ಅವ್ವಗ ಆಗತಿರಲಿಲ್ಲ.
ಅಜ್ಜಿಗೆ, ಅದಿಲ್ಲದ್ದು ರೊಟ್ಟಿನ ಅಲ್ಲ.

ಟೇಪು ಹಾಕಿದೆ. 'ಮತ್ತ ತಲುಪಿಸು' ಅನ್ನೋ ಚೌಕದಾಗ
ಸಣ್ಣ ಟಿಕ್ಕೊಂದು ಮೊದಲ ಕುಂತಿತ್ತು.
ತಗೀಬೇಕಿತ್ತು.
ಕಂದೀಲು ಬಿಡೋದು ಮರತು ಉಣ್ಣಾಕ ಹೋದೆ.

ಗುರುವಾರ ಒಂಬತ್ತಕ್ಕ ಎಲ್ಲಾರ ಪೆಟಗ್ಯಾಗೂ
ಹದಿನಾಲ್ಕರ ಆಗಸ್ಟು, ಪೂರಾ ತಿಂಗಳು,
ದಪ್ಪ ಅಕ್ಷರದಾಗ, ಇನ್ನೂ ಯಾರೂ ಓದಲಾರದಂಗ.
ಗೇಟಿಗೆ ಅಡ್ಡ ನಿಂತ ನೀಲಿ ಸ್ಕೂಟಿ ಯಾರದು ಅಂತ,
ಇವತ್ತ ನಳಾ ಇಲ್ಲ, ಟ್ಯಾಂಕರಿಗೆ ಹೇಳೇವಿ ಅಂತ.
ವಾಚಮನ್ ಗೇಟಿಗೆ ಹೋಗಿ ನೋಡಿ ಬಂದ, ಪಾಪ.
ಮೋಲ್ಡಿಂಗಿನ ಬಸಯ್ಯನೋರು ಇಂದು ನಿವೃತ್ತಿ,
ನಾಲ್ಕಕ್ಕ ಕ್ಯಾಂಟೀನಿನ್ಯಾಗ ಚಹಾ, ಗಿರಮಿಟ್ಟು.

ಅಕೌಂಟ್ಸಿನ ಪದ್ಮಾವತಿ ಉಪಾಧ್ಯೆ ಫೋನು:
"ತಂಗಿ ಲಗ್ನಕ್ಕ ಕೇಳಿದ್ದ ರಜಾ ನಾಮಂಜೂರಂತಲ್ಲೋ.
ಮತ್ತೊಮ್ಮೆ!
ಆಕಿ ಮಗಳು ಈಗ ಐದನೇತ್ತಾ ಓದ್ತಾಳ."
ನಕ್ಕರು ಅನಸ್ತು. ಫೋನಿನ್ಯಾಗ ಸರಿಯಾಗಿ ತಿಳಿಯೂದಿಲ್ಲ.

ಡಿಸ್ಪ್ಯಾಚಿನ ರಾಜೇಸಾಬ ನದಾಫ ಮಾತ್ರ ಫೋನು ಮಾಡಲಿಲ್ಲ.
ಆ ಆಗಸ್ಟಿನ್ಯಾಗ ಫೋರಮನ್ ಮುದಿಗೌಡ್ರು ಎಲ್ಲಾರಿಗೂ ಕಾಣುವಂಗ
ಇವಗ ಕಳ್ಳ ಅಂತ ಬರದಿದ್ದರು.
ಅವತ್ತ ನನ್ನ ಕಡಿಂದನ ಒಂದು ನಿಯಮ ಹಾಕಿಸಿದ್ದ:
ಆ ಹೆಸರಿನಿಂದ ಏನ ಬಂದರೂ, ಓದದ, ಕಸಕ್ಕ.
ಹತ್ತು ನಿಮಿಷಕ್ಕ ಇನ್ನೊಂದು ಬಂದಿತ್ತಂತ.
ಪೆಟಗಿ ಸಿಕ್ಕದ, ತಪ್ಪು ನಂದ, ಸಿಟ್ಟು ಬಿಡು ರಾಜಾ.
ಕಸದಾಗ ಹೋಗಿತ್ತು. ನಾ ಹಾಕಿದ ನಿಯಮ.
ಹನ್ನೊಂದು ವರ್ಷ ಒಂದ ಶೆಡ್ಡು, ಎರಡು ಬೆನ್ನು.

ಏನ ಮಾತಾಡಿದರೋ ನಾ ನೋಡಿಲ್ಲ.
ಮಧ್ಯಾಹ್ನ ಆ ಕಡೆ ಹೋದಾಗ ರಾಜೇಸಾಬನ ಡಬ್ಬಿ
ಮುದಿಗೌಡ್ರ ಟೇಬಲ್ಲಿನ ಮ್ಯಾಲಿತ್ತು, ಮುಚ್ಚಳ ತಗದು.

ಹಿತ್ತಾಳಿ ಮೇಲೂ ಸಿಕ್ತು. ಒಂದ ಸಾಲು:
"ಸಾಹೇಬ್ರ, ದರದ ಮಾತು ಫೋನಿನ್ಯಾಗ ಆಡೂಣು."
ಜರತಾರಘರ ಸಾಹೇಬ್ರು ಎರಡು ಸಲ ಓದಿದರು,
ಪೆನ್ನಿನ ಟೊಪ್ಪಿಗಿ ತಗದರು, ಹಾಕಿದರು.
"ಎಲ್ಲಾ ವಾಪಸ್ ತುಂಬು ಒಳಗ."

ತುಂಬಿದೆ. ಮೂರು ತಾಸು ಹಿಡೀತು.
ಒಂದ ಬಿಟ್ಟೆ, ಯಾವದು ಅಂತ ಹೇಳಂಗಿಲ್ಲ.

ನಾಲ್ಕಕ್ಕ ಸುಮ್ಮ ಕ್ಯಾಂಟೀನಿನ ಕಡೆ ಹೋದೆ.
ಆರು ಮಂದಿ ಆಗಲೇ ಬಂದು ಕುಂತಿದ್ದರು,
ಯಾಕ ಬಂದಿ ಅಂತ ಯಾರೂ ಯಾರನ್ನೂ ಕೇಳಲಿಲ್ಲ.
ಉಳ್ಳಾಗಡ್ಡಿ ಹೆಚ್ಚಾಕತ್ತಿದ್ದ ಹುಡುಗ
(ಆ ಆಗಸ್ಟಿನ್ಯಾಗ ಮೂರನೇತ್ತಾ ಇದ್ದಿರಬೇಕು)
ಚೂರಿ ನಿಲ್ಲಿಸಿ ಕೇಳಿದ:
"ಬಸಯ್ಯನೋರು ಅಂದ್ರ ಯಾರ್ರೀ? ಇನ್ನೂ ಬರಲಿಲ್ಲಲ್ಲ?"